ಕೈಯಿಲ್ಲದ ಗುಳ್ಳವ್ವ

ಹೂವಿನ ಗಿಡ ಆಗುವ ಹುಡುಗಿಯ ಕಥೆಯನ್ನು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. ಕೇಳದವರಿಗಾಗಿ ಇಲ್ಲಿ ಚುಟುಕಾಗಿ ಹೇಳುತ್ತೇನೆ. ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಒಬ್ಬ ಬಡವಿ. ಅವ್ವನ ಕಷ್ಟ ನೋಡಲಾರದೆ ಸಣ್ಣ ಮಗಳು ಅಕ್ಕನಿಗೆ ಹೇಳುತ್ತಾಳೆ: ಎರಡು ಕೊಡ ನೀರು ತಾ, ನೀರಿಗೆ ಉಗುರು ತಾಗಬಾರದು. ಒಂದು ಕೊಡ ನನ್ನ ಮೇಲೆ ಸುರಿ, ನಾನು ಗಿಡ ಆಗುತ್ತೇನೆ. ಬೇಕಾದಷ್ಟು ಹೂ ಬಿಡಿಸಿಕೋ, ಆದರೆ ಟೊಂಗೆ ಮುರಿಯಬೇಡ, ಎಲೆ ಹರಿಯಬೇಡ. ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಅಕ್ಕ ಹಾಗೇ ಮಾಡುತ್ತಾಳೆ. ಹೂ ಮಾರಿ ನಾಲ್ಕು ಕಾಸು ಕೂಡುತ್ತದೆ. ರಾಜನ ಮಗ ಇದನ್ನು ಕದ್ದು ನೋಡಿ ಅವಳನ್ನೇ ಮದುವೆಯಾಗುತ್ತಾನೆ. ಆದರೆ ಅವನ ತಂಗಿ, ಅಂದರೆ ನಾದಿನಿ, ಗೆಳತಿಯರ ಜೊತೆ ತೋಟಕ್ಕೆ ಕರೆದುಕೊಂಡು ಹೋಗಿ, ಒತ್ತಾಯ ಮಾಡಿ ಅವಳನ್ನು ಗಿಡ ಮಾಡುತ್ತಾಳೆ. ಹೂವಿನ ಆಸೆಗೆ ಟೊಂಗೆಗಳನ್ನೆಲ್ಲ ಜಗ್ಗಿ ಮುರಿಯುತ್ತಾರೆ. ಅಷ್ಟರಲ್ಲಿ ಗಾಳಿ ಮಳೆ. ಎರಡನೇ ಕೊಡದ ನೀರನ್ನು ಹೆಂಗೋ ಚೆಲ್ಲಿ ಓಡಿ ಹೋಗುತ್ತಾರೆ. ಹುಡುಗಿ ಪೂರ್ತಿ ಮನುಷ್ಯಳಾಗುವುದಿಲ್ಲ, ಗಿಡವೂ ಅಲ್ಲ. ಕೈಯಿಲ್ಲ, ಕಾಲಿಲ್ಲ, ಮೈತುಂಬ ಗಾಯ. ತೆವಳಿಕೊಂಡು ಗಟಾರಕ್ಕೆ ಬೀಳುತ್ತಾಳೆ.

ಹತ್ತಿ ಗಾಡಿ ಹೊಡೆಯುವ ಒಬ್ಬ ಅವಳನ್ನು ಕಾಣುತ್ತಾನೆ. ಮೈಮೇಲೆ ಬಟ್ಟೆ ಹೊದಿಸಿ, ಗಾಡಿಯಲ್ಲಿ ಹಾಕಿಕೊಂಡು ಒಂದು ಊರಿಗೆ ಮುಟ್ಟಿಸುತ್ತಾನೆ. ಬಹಳ ದಿನಗಳ ಮೇಲೆ, ಬೈರಾಗಿಯಂತೆ ಅಲೆಯುತ್ತಿದ್ದ ಗಂಡ ಅದೇ ಊರಿಗೆ ಬಂದು ಗುರುತು ಹಿಡಿಯುತ್ತಾನೆ. ಒಂದು ಕೊಡ ನೀರು ಸುರಿದು ಅವಳನ್ನು ಮತ್ತೆ ಗಿಡ ಮಾಡಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿ ಬಟ್ಟೆ ಕಟ್ಟಿ, ಆಮೇಲೆ ಎರಡನೇ ಕೊಡ ಸುರಿಯುತ್ತಾನೆ. ಹುಡುಗಿ ಇಡಿಯಾಗಿ ಎದ್ದು ನಿಲ್ಲುತ್ತಾಳೆ.

ನಮ್ಮ ಆಯಿ ಈ ಕಥೆ ಹೇಳುವಾಗ ಅರಸನ ಮಗನಿಗೆ ಬಹಳ ಹೊತ್ತು ಕೊಡುತ್ತಿರಲಿಲ್ಲ. ಅವಳ ಕಥೆಯಲ್ಲಿ ದೊಡ್ಡವನು ಹತ್ತಿ ಗಾಡಿಯವನೇ. ನನಗೂ ಅದೇ ಸರಿ ಅನಿಸುತ್ತದೆ. ಗುರುತು ಪರಿಚಯ ಇಲ್ಲದವಳ ಮೇಲೆ ಬಟ್ಟೆ ಹೊದಿಸಿದವನು ಅವನೊಬ್ಬನೇ.

ಇಂಥ ಕಥೆಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು, ಇಂಗ್ಲಿಷಿಗೆ ಒಯ್ದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿದವರು, 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಕಲಿಸುತ್ತಿದ್ದಾಗ ನಮ್ಮ ಕಡೆಯ ಕಥೆ ಕೂಡಿಸಿದರು. 1993ರಲ್ಲಿ ತೀರಿಕೊಂಡರು. ಅವರ ಕಥೆಗಳ ಪುಸ್ತಕ 1997ರಲ್ಲಿ ಅಮೆರಿಕದಲ್ಲಿ ಅಚ್ಚಾದಾಗ ಈ ಹೂವಿನ ಗಿಡದ ಹೆಸರನ್ನೇ ಅದಕ್ಕೆ ಇಟ್ಟರು. ಅದಕ್ಕೂ ಮೊದಲೇ, 1992ರಲ್ಲಿ, ಗಿರೀಶ ಕಾರ್ನಾಡರು ಇದೇ ಕಥೆ ಹಿಡಿದು ‘ಚೆಲುವಿ’ ಅಂತ ಹಿಂದಿ ಸಿನಿಮಾ ಮಾಡಿದ್ದರು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರ ಇದನ್ನು ಹಾಡಿನ ನಾಟಕ ಮಾಡಿ ವಿಯೆನ್ನಾ ಶಹರದಲ್ಲಿ ಆಡಿಸಿದರು. ಕೂಲಿ ಹೆಂಗಸರ ಕಥೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಪುಸ್ತಕ ಆಯಿತು, ಸಿನಿಮಾ ಆಯಿತು, ಹಾಡೂ ಆಯಿತು. ಆದರೆ ಇಷ್ಟೊಂದು ಕಲ್ಲು ಕೆತ್ತಿದ ನಮ್ಮ ಜಿಲ್ಲೆಯಲ್ಲಿ ಈ ಹುಡುಗಿ ನನ್ನ ಕಣ್ಣಿಗೆ ಬಿದ್ದಿಲ್ಲ.

ರೂಪ ಬದಲಾಗುವ ಕಥೆಗಳು ಕಲ್ಲಿನಲ್ಲಿ ಬೇಕಾದಷ್ಟಿವೆ. ಬಾದಾಮಿಯ ಎರಡನೇ ಗುಹೆಯಲ್ಲಿ ಒಂದೇ ಬಂಡೆಯೊಳಗೆ ಕೆಳಗೆ ಛತ್ರಿ ಹಿಡಿದ ಗಿಡ್ಡ ವಾಮನ, ಪಕ್ಕದಲ್ಲಿ ಮುಗಿಲಿಗೆ ಕಾಲೆತ್ತಿದ ತ್ರಿವಿಕ್ರಮ. ಮೊದಲು ಹೇಗಿದ್ದ, ಆಮೇಲೆ ಹೇಗಾದ ಅನ್ನುವುದನ್ನು ಎರಡು ಫೋಟೊ ಕೂಡಿಸಿದ ಹಾಗೆ ತೋರಿಸಿದ್ದಾರೆ. ಮೂರನೇ ಗುಹೆಯಲ್ಲಿ ನರಸಿಂಹ ಇದ್ದಾನೆ, ಅರ್ಧ ಹರಿ ಅರ್ಧ ಹರನೂ ಇದ್ದಾನೆ. ಮಂಗಲೇಶ 578ರಲ್ಲಿ ಮಾಡಿಸಿದ್ದು ಅಂತ ಅಲ್ಲಿಯ ಶಾಸನವೇ ಹೇಳುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳ ಕಲ್ಲಿನಲ್ಲಿ ಪಂಚತಂತ್ರದ ಕಥೆಗಳೂ ಇವೆ. ಅಂದರೆ 1,300 ವರ್ಷದ ಹಿಂದೆಯೇ ನಮ್ಮ ಶಿಲ್ಪಿಗಳು ಕಥೆ ಕೇಳುವವರಾಗಿದ್ದರು. ಆದರೆ ಅರಮನೆಯ ದುಡ್ಡಿನಲ್ಲಿ ಕೆತ್ತಿದ ಕಲ್ಲಿನಲ್ಲಿ ದೇವರು ದೊಡ್ಡವನಾಗುತ್ತಾನೆ. ಬಡವಿಯ ಮಗಳು ಮುರಿದು, ಮತ್ತೆ ಕೂಡಿದ್ದನ್ನು ಕೆತ್ತಿಸಲು ಯಾರು ದುಡ್ಡು ಕೊಟ್ಟಾರು?

ಹೋದ ವರ್ಷ ಒಂದು ವರದಿಗಾಗಿ ಬಾದಾಮಿಗೆ ಹೋಗುವಾಗ ತಂಗಿಯನ್ನೂ ಬೈಕಿನಲ್ಲಿ ಕೂಡಿಸಿಕೊಂಡು ಹೋಗಿದ್ದೆ. ಗಂಡನ ಮನೆಯಿಂದ ಬಂದು ಅವಳಿಗೆ ಆಗ ಒಂದೂವರೆ ವರ್ಷ. ಬಂದಾಗ ಬಲಗೈಗೆ ಪಟ್ಟಿ ಇತ್ತು. ಮೆಟ್ಟಿಲ ಮೇಲಿಂದ ಬಿದ್ದಳು ಅಂತ ಆಸ್ಪತ್ರೆಯಲ್ಲಿ ಬರೆಸಿದ್ದರು. ಆ ಮನೆಗೆ ಮೆಟ್ಟಿಲೇ ಇಲ್ಲ. ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಇಷ್ಟನ್ನು ಬರೆಯಲು ಅವಳ ಒಪ್ಪಿಗೆ ಇದೆ. ಈ ಬರಹವನ್ನು ಮೊದಲು ಓದಿದವಳು ಅವಳೇ, ಎರಡು ಕಡೆ ಗೀಟು ಹಾಕಿ ತೆಗೆಸಿದ್ದಾಳೆ. ಜಿಲ್ಲಾ ಸುದ್ದಿ ಬರೆಯುವ ನನ್ನ ಕೈಯಿಂದ ಇಂಥವು ನಾಲ್ಕು ಸಾಲಿನ ಸುದ್ದಿಯಾಗಿ ಎಷ್ಟೋ ದಾಟಿ ಹೋಗಿವೆ. ನಾಲ್ಕು ಸಾಲಿನಲ್ಲಿ ‘ಕೌಟುಂಬಿಕ ಕಲಹ’ ಅನ್ನುವುದಕ್ಕಿಂತ ಹೆಚ್ಚು ಏನೂ ಹಿಡಿಯುವುದಿಲ್ಲ.

ಮೂರನೇ ಗುಹೆಯ ಕಂಬದ ಮೇಲೆ, ಸೂರಿಗೆ ಆಸರೆ ಕೊಟ್ಟ ಹಾಗೆ, ಗಿಡದ ಕೆಳಗೆ ನಿಂತ ಹೆಣ್ಣು ಗಂಡುಗಳ ಮೂರ್ತಿಗಳಿವೆ. ಕತ್ತು ಎತ್ತಿ ನೋಡಬೇಕು. ಕೆಲವು ಕಡೆ ಟೊಂಗೆ ಎಲ್ಲಿ ಮುಗಿಯಿತು, ಹೆಂಗಸಿನ ತೋಳು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ತಂಗಿ ಅಲ್ಲೇ ಬಹಳ ಹೊತ್ತು ನಿಂತಳು. ಆಮೇಲೆ ಕೇಳಿದಳು: “ಅಣ್ಣಾ, ಇಕಿ ಗಿಡದಾಗಿಂದ ಹೊರಗ ಬರಾಕತ್ತಾಳೋ, ಒಳಗ ಹೋಗಾಕತ್ತಾಳೋ?”

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಕೇಳಿದ್ದು ಶಿಲ್ಪದ ಬಗ್ಗೆ ಒಂದೇ ಅಲ್ಲ ಅನ್ನುವುದಂತೂ ಗೊತ್ತಾಯಿತು.

ಮರೋಳ ಅಂದರೆ ಪೇಪರ್ ಓದುವವರಿಗೆ ನೆನಪಾಗುವುದು ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ. 24,000 ಹೆಕ್ಟೇರಿಗೆ ನೀರು ಅಂತ ನಾವೂ ಬಹಳ ಬರೆದೆವು. ಆದರೆ ಊರೊಳಗೆ ಬಂದರೆ ಇನ್ನೊಂದು ಲೆಕ್ಕ ಇದೆ, ಮಣ್ಣಿನ ಲೆಕ್ಕ. ಕಾರಹುಣ್ಣಿಮೆ ಆದ ಮೇಲೆ ಬರುವ ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ. ಶ್ರಾವಣದಲ್ಲಿ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಜೋಕುಮಾರನನ್ನು ಹೆಣ್ಣುಮಕ್ಕಳು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುತ್ತಾರೆ, ಬಾಯಿಗೆ ಬೆಣ್ಣೆ ಹಚ್ಚುತ್ತಾರೆ, ಏಳು ದಿನ ಮೆರೆಸಿ ಕೊಂದು ಅಳುತ್ತಾರೆ. ಅವನು ಸತ್ತರೆ ಮಳೆ. ಈ ಮೂರ್ತಿಗಳಲ್ಲಿ ಒಂದನ್ನೂ ಉಳಿಯಲಿ ಅಂತ ಮಾಡುವುದಿಲ್ಲ. ಕಥೆ ಮುಗಿದ ಕೂಡಲೇ ಮೂರ್ತಿಯನ್ನೂ ನೀರಿಗೆ ಬಿಡುತ್ತಾರೆ.

ಪಟ್ಟಣದ ಕಲಾವಿದರು ‘ಇನ್‌ಸ್ಟಾಲೇಶನ್’ ಅಂತ ಒಂದು ಮಾತು ಬಳಸುತ್ತಾರೆ. ಮೂರ್ತಿ ಮಾಡಿ ಕಟ್ಟೆಯ ಮೇಲೆ ನಿಲ್ಲಿಸುವುದಲ್ಲ. ಜಾಗ, ಸಾಮಾನು, ಬೆಳಕು, ನೋಡಲು ಬಂದವರು ಅದರ ನಡುವೆ ಓಡಾಡುವುದು, ಎಲ್ಲ ಕೂಡಿ ಒಂದು ಕೆಲಸ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿದ್ದರೆ ಇದು ಥಟ್ಟನೆ ತಿಳಿಯುತ್ತದೆ. ಅಲ್ಲಿ ಊರೊಳಗೆ ನಡೆದ ಹಾಗೆ ನಡೆಯುತ್ತೀರಿ, ಎದುರಿಗೆ ಬಂದವರು ಮನುಷ್ಯರೋ ಮೂರ್ತಿಯೋ ಅಂತ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಎಂಬ ಕಲಾವಿದೆ 1998ರಲ್ಲಿ ಬೇರೆಯೇ ಥರದ್ದು ಮಾಡಿದರು. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಆ ದಾರಗಳನ್ನು ಕೂಡಿಸಿ ಕುಂಕುಮ ಹಚ್ಚಿ ಕೆಂಪು ಹಗ್ಗ ಮಾಡಿ, ಕೋಣೆಯ ಗೋಡೆ ನೆಲದ ಮೇಲೆಲ್ಲ ಹರಿಯಬಿಟ್ಟರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ಅದರ ಹೆಸರು ಕನ್ನಡದಲ್ಲಿ ಹೇಳುವುದಾದರೆ ‘ನನ್ನ ನೋವು ಅವನಿಗೆ ಹೇಳು’. ಸೂಜಿ, ದಾರ, ಕುಂಕುಮ. ಎಲ್ಲರ ಮನೆಯಲ್ಲೂ ಇರುವ ಸಾಮಾನು.

ಇದರ ಫೋಟೊ ತಂಗಿಗೆ ಮೊಬೈಲಿನಲ್ಲಿ ತೋರಿಸಿದ್ದು ನಾನೇ. ಅವಳು ಏನೂ ಅನ್ನಲಿಲ್ಲ. ಆದರೆ ಈ ಸಲದ ಆಷಾಢಕ್ಕೆ ನಮ್ಮ ಹಿತ್ತಲಿನಲ್ಲಿ ಆದದ್ದಕ್ಕೂ ಅದಕ್ಕೂ ಸಂಬಂಧ ಇರಬಹುದು.

ತಂಗಿ ಓಣಿಯ ಹುಡುಗಿಯರಿಗೆ ಸಂಜೆ ಟ್ಯೂಶನ್ ಹೇಳುತ್ತಾಳೆ. ನಾಲ್ಕನೇ ಇಯತ್ತೆಯಿಂದ ಏಳರವರೆಗಿನ ಎಂಟು ಮಂದಿ. ಗುಳ್ಳವ್ವ ಮಾಡೋಣ ಅಂತ ಹುಡುಗಿಯರೇ ಎರೆ ಮಣ್ಣು ತಂದರು. ಎಲ್ಲರ ಮನೆಯಲ್ಲಿ ಮಾಡುವ ಹಾಗೆ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಣ್ಣದು ಮಾಡುತ್ತಾರೆ ಅಂದುಕೊಂಡಿದ್ದೆ. ಎರಡು ದಿನ ಹುನಗುಂದ, ಇಳಕಲ್ಲು ಅಂತ ತಿರುಗಿ ಬಂದು ನೋಡಿದರೆ ಬೇವಿನ ಗಿಡದ ಕೆಳಗೆ ಮೂರು ಅಡಿಯ ಒಂದು ಹೆಣ್ಣು ಮಲಗಿತ್ತು. ತೊಗರಿ ಕಟ್ಟಿಗೆಯ ಎಲುಬು, ಹತ್ತಿ ಕಲಸಿದ ಮಣ್ಣಿನ ಮೈ. ಕೈಯಿಲ್ಲ, ಕಾಲಿಲ್ಲ. ತೋಳು ಇರಬೇಕಾದಲ್ಲಿ ಮುರಿದ ಕಟ್ಟಿಗೆಯ ಮೊನೆ ಹಾಗೇ ಕಾಣುತ್ತಿತ್ತು. ಮೈಮೇಲೆ ನಮ್ಮ ಮುತ್ಯಾನ ಹಳೇ ರುಮಾಲು. ಸುತ್ತಲೂ, ಅಮಾವಾಸ್ಯೆಗೆ ಮಾಡಿ ಮಾಡದಲ್ಲಿ ಇಟ್ಟಿದ್ದ ಮಣ್ಣೆತ್ತುಗಳಿಗೆ ಬೆಂಕಿಪೊಟ್ಟಣದ ಗಾಡಿ ಹೂಡಿ, ಅದರಲ್ಲಿ ಹತ್ತಿ ಹೇರಿ ಸಾಲಾಗಿ ನಿಲ್ಲಿಸಿದ್ದರು. ಹತ್ತಿ ಗಾಡಿಯವನು. ಆಯಿ ಇದ್ದಿದ್ದರೆ ನಗುತ್ತಿದ್ದಳು.

ಮೊದಲ ಮಂಗಳವಾರವೇ ತಕರಾರು ಬಂತು. ಆಚೆ ಮನೆಯ ದೊಡ್ಡವ್ವ ಆರತಿ ತಟ್ಟೆ ಹಿಡಿದು ಬಂದವಳು ನೋಡಿ ಹಿಂದೆ ಸರಿದಳು. “ಇದೇನವಾ, ಭಿನ್ನ ಆದ ಮೂರ್ತಿ ಪೂಜಿ ಮಾಡ್ತಾರನ? ಊರಿಗೆ ಕೇಡು. ಮಳಿ ಬ್ಯಾರೆ ಇಲ್ಲ.” ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಮುಕ್ಕಾದ ಮೂರ್ತಿಗೆ ಪೂಜೆ ಇಲ್ಲ ಅನ್ನುವುದು ನಮ್ಮಲ್ಲಿ ಎಲ್ಲರೂ ನಂಬಿದ್ದು. ಬಾದಾಮಿ, ಐಹೊಳೆಯ ಮ್ಯೂಸಿಯಮ್ಮುಗಳಲ್ಲಿ ಮುಕ್ಕಾದ ಎಷ್ಟು ದೇವರು ದೀಪ ಇಲ್ಲದೆ ನಿಂತಿದ್ದಾರೆ. ನಮ್ಮ ಅವ್ವನಿಗೂ ಅಳುಕು. ಅವಳ ಅಳುಕಿಗೆ ಬೇರೆ ಕಾರಣವೂ ಇತ್ತು. ಬಂದವರೆಲ್ಲ ಮೊದಲು ಆ ಮೂರ್ತಿ ನೋಡಿ, ಆಮೇಲೆ ತಂಗಿಯ ಬಲಗೈ ನೋಡುತ್ತಿದ್ದರು.

ತಂಗಿ ದೊಡ್ಡವ್ವನಿಗೆ ಹೇಳಿದಳು: “ದೊಡ್ಡವ್ವಾ, ಇದು ಭಿನ್ನ ಆದದ್ದಲ್ಲ. ಇನ್ನೂ ಪೂರ್ತಿ ಆಗಿಲ್ಲ, ಅಷ್ಟ. ಪ್ರತಿ ಮಂಗಳವಾರ ಒಂದೊಂದು ಕೂಡಸ್ತೀವಿ.”

ದೊಡ್ಡವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಓದು ಬರಹ ಇಲ್ಲದ ಹೆಂಗಸು, ಆದರೆ ಶಾಸ್ತ್ರದೊಳಗೇ ದಾರಿ ಹುಡುಕಬಲ್ಲವಳು. “ಹಂಗಾದ್ರ ಪೂರ್ತಿ ಆಗೂತನಕ ಅಕಿಗೆ ಪೂಜಿ ಬ್ಯಾಡ. ಎರಡು ಕೊಡ ತುಂಬಿ ಇಡ್ರಿ, ಕೊಡಕ್ಕ ಪೂಜಿ ಮಾಡೂನು,” ಅಂದಳು. ಕಥೆಯಲ್ಲಿ ಎರಡು ಕೊಡ ಇವೆ ಅನ್ನುವುದು ಅವಳಿಗೂ ನೆನಪಿತ್ತು. ತಾನೇ ಮನೆಯಿಂದ ಒಂದು ಹಿತ್ತಾಳೆ ಕೊಡ ತಂದು ತುಂಬಿಸಿದಳು. ತುಂಬುವಾಗ ಬೆರಳು ಹೊರಗೇ ಇಟ್ಟಿದ್ದಳು, ಉಗುರು ತಾಗದ ಹಾಗೆ.

ಮುಂದಿನ ವಾರ ಯಾವುದು ಮೊದಲು ಕೂಡಿಸಬೇಕು ಅಂತ ಹುಡುಗಿಯರಲ್ಲಿ ಜಗಳ. “ಕೈ ಮೊದಲು, ಇಲ್ಲಂದ್ರ ರೊಟ್ಟಿ ಹೆಂಗ ತಿಂತಾಳ?” ಅಂತ ಒಬ್ಬಳು. ಐದನೇ ಇಯತ್ತೆಯ ಇನ್ನೊಬ್ಬಳು, “ಕಾಲು ಮೊದಲು. ಮತ್ತ ಆ ನಾದಿನಿ ಬಂದ್ರ ಓಡಿ ಹೋಗಾಕ ಬೇಕಲ್ಲ” ಅಂದಳು. ಕಾಲಿಗೇ ಹೆಚ್ಚು ಓಟು ಬಿತ್ತು. ಹೊಲದಲ್ಲಿ ಬಿದ್ದಿದ್ದ ಹನಿ ನೀರಾವರಿಯ ಕರಿ ಪೈಪಿನ ತುಂಡು ಆರಿಸಿ ತಂದು, ಅದರ ಮೇಲೆ ಮಣ್ಣು ಮೆತ್ತಿ, ಬೇರಿನ ಹಾಗೆ ಹರಡಿದ ಕಾಲು ಮಾಡಿದರು. ಪೈಪು ಯಾವ ಯೋಜನೆಯದು ಅಂತ ನಾನು ಕೇಳಲು ಹೋಗಲಿಲ್ಲ.

ಓಣಿಯ ಹೆಂಗಸರು ನೋಡಲು ಬರಲು ಶುರು ಮಾಡಿದ್ದು ಆಗ. ಪೂಜೆಗೆ ಅಂತ ಬಂದವರು ಕಥೆಗೆ ಕೂಡುತ್ತಿದ್ದರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಒಬ್ಬಳು ಕಥೆಯಲ್ಲಿ ನಾದಿನಿಯ ಬದಲು ಅತ್ತೆ ಅಂದಳು, ಪಕ್ಕದಲ್ಲಿ ಕೂತ ಅತ್ತೆ ಎದ್ದು ಹೋದಳು. ಇನ್ನೊಬ್ಬಳು ಏನೂ ಮಾತಾಡದೆ, ಮೂರ್ತಿಯ ಮೇಲಿನ ರುಮಾಲು ಸರಿದದ್ದನ್ನು ಸರಿಮಾಡಿ ಎದ್ದು ಹೋದಳು. ಆಕೆ ಮತ್ತೆ ಎರಡು ಸಲ ಬಂದಳು, ಎರಡೂ ಸಲ ಅದನ್ನೇ ಮಾಡಿದಳು.

ಈ ನಡುವೆ ನಾನು ತಂಗಿಗೆ ಇನ್ನೊಂದು ಮೂರ್ತಿಯ ಸುದ್ದಿ ಹೇಳಿದೆ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಬಂದರಿನಲ್ಲಿ ಬಂಡೆಯ ಮೇಲೆ ಕೂತ ಮತ್ಸ್ಯಕನ್ಯೆ. ಆಂಡರ್ಸನ್ ಬರೆದ ಮಕ್ಕಳ ಕಥೆಯವಳು, ಮನುಷ್ಯಳಾಗಬೇಕು ಅಂತ ತನ್ನ ದನಿಯನ್ನೇ ಕೊಟ್ಟವಳು. ಎಡ್ವರ್ಡ್ ಎರಿಕ್ಸನ್ ಎಂಬ ಶಿಲ್ಪಿ ಕಂಚಿನಲ್ಲಿ ಮಾಡಿದ್ದು, 1913ರಲ್ಲಿ ಅಲ್ಲಿ ಕೂಡಿಸಿದರು. ಆಳೆತ್ತರವೂ ಇಲ್ಲ, ಒಂದೂಕಾಲು ಮೀಟರ್. 1964ರಲ್ಲಿ ಯಾರೋ ಅವಳ ತಲೆಯನ್ನೇ ಕೊಯ್ದು ಒಯ್ದರು. 1984ರಲ್ಲಿ ಬಲಗೈ ಹೋಯಿತು. 1998ರಲ್ಲಿ ಮತ್ತೆ ತಲೆ. ಪ್ರತಿ ಸಲವೂ ಕೂಡಿಸಿ ಅದೇ ಬಂಡೆಯ ಮೇಲೆ ಕೂಡಿಸಿದ್ದಾರೆ, ಈಗಲೂ ಇದ್ದಾಳೆ. ತಂಗಿ ಫೋಟೊ ದೊಡ್ಡದು ಮಾಡಿ ಬಲಗೈಯ ಬೆಸುಗೆ ಕಾಣುತ್ತದೇನೋ ಅಂತ ಹುಡುಕಿದಳು. “ಅಕಿಗೆ ರಿಪೇರಿ ಮಾಡಾವ್ರು ಅದಾರ ಬಿಡು. ಹಾಳು ಮಾಡಾವ್ರ ಮನಿಗೇ ವಾಪಸ್ ಕಳಸಂಗಿಲ್ಲ” ಅಂದಳು.

ಮೂರನೇ ಮಂಗಳವಾರ ಕೈಗಳ ಪಾಳಿ. ಅವ್ವ ತನ್ನ ಹಳೇ ಇಳಕಲ್ ಸೀರೆಯ ಟೋಪಿ ಸೆರಗನ್ನು ತಾನೇ ಕತ್ತರಿಸಿ ಕೊಟ್ಟಳು. ಎರಡು ವಾರ ಹಿತ್ತಲಿನ ಕಡೆ ಮುಖ ಹಾಕದವಳು. ಹುಡುಗಿಯರು ಬೇವಿನ ಟೊಂಗೆಯನ್ನು ಕೈ ಮಾಡಿ, ಮುರಿದ ಮೊನೆಗೆ ಕೂಡಿಸಿ, ಎಲುಬು ಮುರಿದವರಿಗೆ ಕಟ್ಟುವ ಹಾಗೆ ಸೆರಗಿನ ಪಟ್ಟಿ ಬಿಗಿಯಾಗಿ ಸುತ್ತಿದರು. ತಂಗಿಗೆ ಗಂಟು ಹಾಕಲು ಬೆರಳು ಸಾಲಲಿಲ್ಲ. ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ಒಬ್ಬಳು ಹುಡುಗಿ ಜಗ್ಗಿದಳು.

ಅದೇ ದಿನ ಮಧ್ಯಾಹ್ನ ಬೀಗರ ಊರಿನಿಂದ ನಾಲ್ಕು ಮಂದಿ ಹಿರಿಯರು ಬಂದರು. ಹೇಳದೆ ಕೇಳದೆ. ಕಾಕಾ ಅವರನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಮಾಡಿಸಿದ. ಆದದ್ದು ಆತು, ಹೆಣ್ಣು ಮಗಳು ತವರಾಗ ಎಷ್ಟು ದಿನ ಇರೂದು, ಹುಡುಗ ಈಗ ಸುಧಾರಿಸ್ಯಾನ, ನಾವು ಜಾಮೀನು. ಇಂಥ ಮಾತು ಕೇಳಿದ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಕಾಕಾ ಕರಗಿದ ಹಾಗೆ ಕಂಡ. ನಾನು ಬೇಡ ಅಂದೆ. “ನೀನು ಸುಮ್ಮನಿರಪಾ, ಪೇಪರ್‌ನವರ ಮಾತು ಬ್ಯಾರೆ” ಅಂತ ಒಬ್ಬರು ನಕ್ಕರು.

ತಂಗಿ ಹಿತ್ತಲಿನಿಂದ ಬಂದಳು. ಎರಡೂ ಕೈಗೆ ಮೊಣಕೈವರೆಗೆ ಮಣ್ಣು. ಕೂಡು ಅಂದರೂ ಕೂಡಲಿಲ್ಲ. “ಯಪ್ಪಾ, ನೀವು ಹಿರ್‍ಯಾರು, ದೂರದಿಂದ ಬಂದೀರಿ, ಊಟ ಮಾಡಿ ಹೋಗ್ರಿ. ನಾ ಬರಂಗಿಲ್ಲ. ನನ್ನ ಡಿ.ಎಡ್ ಮಾರ್ಕ್ಸ್ ಕಾರ್ಡು, ಹೊಲಿಗಿ ಮಷೀನು ಆ ಮನ್ಯಾಗ ಅದಾವು. ಅವನ್ನ ಕಳಸಿಕೊಡ್ರಿ.” ಇಷ್ಟೇ. ದನಿ ಏರಿಸಲಿಲ್ಲ. ಒಂದೂವರೆ ವರ್ಷದಲ್ಲಿ ಹೊರಗಿನವರ ಎದುರು ಅವಳು ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಹೇಳಿದವಳೇ ತಿರುಗಿ ಹಿತ್ತಲಿಗೆ ಹೋದಳು, ಮಣ್ಣು ಒಣಗುತ್ತದೆ ಅಂತ.

ಹಿರಿಯರು ಊಟ ಮಾಡಲಿಲ್ಲ. ಹೋಗುವಾಗ ಒಬ್ಬರು ಚಪ್ಪಲಿ ಹುಡುಕುವ ನೆವದಲ್ಲಿ ಹಿತ್ತಲಿಗೆ ಇಣುಕಿ, ಮೂರ್ತಿಯನ್ನು ನೋಡಿ, “ಇದು ಯಾವ ದೇವರು?” ಅಂತ ಹುಡುಗಿಯರನ್ನು ಕೇಳಿದರು. “ಇನ್ನೂ ಆಗಿಲ್ಲರಿ, ಮುಂದಿನ ವಾರ ಬರ್‍ರಿ” ಅಂದಿತು ಒಂದು ಪುಟ್ಟದು.

ನಾಲ್ಕನೇ ವಾರ ಗುಳ್ಳವ್ವ ಎದ್ದು ನಿಂತಳು. ಒಡೆದ ಬಳೆ ಚೂರು, ಕುಸುಬಿ, ಗುಲಗಂಜಿ, ಕಣಗಿಲ ಹೂ. ದೊಡ್ಡವ್ವ ಮೂರು ವಾರ ಹಿಡಿದಿಟ್ಟ ಆರತಿಯನ್ನು ಅವತ್ತು ಎತ್ತಿದಳು, ಹಾಡೂ ಹೇಳಿದಳು. ಸಂಜೆ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೆ ಹೋದೆವು. ನೀರು ಮೊಣಕಾಲಿನಷ್ಟೇ ಇತ್ತು. ಪೈಪು, ಬಳೆ ಚೂರು ತೆಗೆದು ಮೂರ್ತಿ ಬಿಟ್ಟರು. ಕರಗಲು ಬಹಳ ಹೊತ್ತು ಹಿಡಿಯಿತು, ಹತ್ತಿ ಕಲಸಿದ್ದರಿಂದ. ಸೆರಗಿನ ಪಟ್ಟಿಯನ್ನು ಅವ್ವ ಹಿಂಡಿ ಮನೆಗೆ ತಂದು ಒಣಗಿಸಿದಳು. ಇದರ ಫೋಟೊ ಕಳಿಸಿದ್ದೆ. ಪೇಪರಿನಲ್ಲಿ ಜಾಹೀರಾತು ಹೆಚ್ಚಿತ್ತಂತೆ, ಬರಲಿಲ್ಲ.

ತಂಗಿಯ ಬೆರಳು ಹಾಗೇ ಇವೆ. ಡಾಕ್ಟರು ಇಷ್ಟೇ ಅಂದಿದ್ದಾರೆ. ಶ್ರಾವಣದ ಎರಡನೇ ವಾರದಲ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಂತು. ಅದರಲ್ಲಿ ಮಾರ್ಕ್ಸ್ ಕಾರ್ಡುಗಳಿದ್ದವು, ಒಂದರ ಮೂಲೆ ಇಲಿ ತಿಂದಿತ್ತು, ನಂಬರು ಸರಿಯಾಗಿ ಕಾಣುತ್ತವೆ. ಹೊಲಿಗೆ ಮಷೀನು ಇನ್ನೂ ಬಂದಿಲ್ಲ. ಅವಳು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದಾಳೆ.